ಮಿಡಿಗೆ ಹತ್ತಾರು ಹೆಸರು, ಮರ ಒಂದೇ ಪ್ರಭೇದ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಸಂಜೆ ಹೊತ್ತು ಕರಿಚಿರತೆಯೊಂದು ರಸ್ತೆ ದಾಟಿದ್ದನ್ನು ಕಂಡೆ. ಚುಕ್ಕೆಯ ಚಿರತೆಯೂ ಇದೂ ಬೇರೆ ಬೇರೆ ಪ್ರಾಣಿಗಳೇ? (ಜೋಯಿಡಾದ ಓದುಗರು)

ಉತ್ತರ: ಅಲ್ಲ, ಎರಡೂ ಪ್ಯಾಂಥೆರಾ ಪಾರ್ಡಸ್ ಎಂಬ ಒಂದೇ ಪ್ರಭೇದ. ಮೈಬಣ್ಣವನ್ನು ನಿರ್ಧರಿಸುವ ಜೀನ್‌ಗಳಲ್ಲೊಂದು ಮಾರ್ಪಟ್ಟು, ಆ ಮಾರ್ಪಟ್ಟ ರೂಪವೇ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮರಿ ಕಪ್ಪಾಗುತ್ತದೆ. ಆದ್ದರಿಂದ ಚುಕ್ಕೆಯ ಜೋಡಿಯ ಒಂದೇ ಸೂಲಿನಲ್ಲಿ ಕಪ್ಪು ಮರಿಯೂ ಚುಕ್ಕೆಯ ಮರಿಯೂ ಹುಟ್ಟಬಹುದು. ಮುಂದೊಮ್ಮೆ ಓರೆ ಬಿಸಿಲಿನಲ್ಲಿ ಕಂಡರೆ ಕಪ್ಪು ತುಪ್ಪಳದ ಒಳಗೇ ಅವೇ ಚುಕ್ಕೆಗಳು ಮಾಸಲಾಗಿ ತೋರುವುದನ್ನು ಗಮನಿಸಿ.

ಪ್ರಶ್ನೆ: ನಮ್ಮ ಸೀಮೆಯಲ್ಲಿ ಅಪ್ಪೆಮಿಡಿಯ ಒಂದೊಂದು ಮರಕ್ಕೂ ಒಂದೊಂದು ಹೆಸರಿದೆ, ಜೀರಿಗೆಯ ಪರಿಮಳದ್ದು ಬೇರೆ, ಕರ್ಪೂರದ ಪರಿಮಳದ್ದು ಬೇರೆ. ಇವೆಲ್ಲ ಮಾವಿನ ಬೇರೆ ಬೇರೆ ಪ್ರಭೇದಗಳೇ? (ಶಿರಸಿಯ ಓದುಗರು)

ಉತ್ತರ: ಅಷ್ಟೂ ಮರಗಳು ಒಂದೇ ಪ್ರಭೇದಕ್ಕೆ, ಅಂದರೆ 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಮ್ಯಾಂಜಿಫೆರಾ ಇಂಡಿಕಾ ಎಂದು ಹೆಸರಿಟ್ಟ ಮಾವಿಗೇ ಸೇರಿದವು. ಸಹಜವಾಗಿ ತಮ್ಮೊಳಗೆ ಕೂಡಿ ಫಲವಂತ ಸಂತಾನ ಪಡೆಯುವ ಜೀವಿಗಳ ಸಮುದಾಯವನ್ನು ಪ್ರಭೇದ ಎನ್ನುವುದು ವಾಡಿಕೆ. ಜೀರಿಗೆ ಮಿಡಿಯ ಹೂವಿನ ಪರಾಗವನ್ನು ನೊಣವೊಂದು ಪಕ್ಕದ ಮರಕ್ಕೆ ಒಯ್ದರೆ ಅಲ್ಲಿ ಕಾಯಿ ಕಚ್ಚುತ್ತದೆ, ಗೊರಟು ಮೊಳೆಯುತ್ತದೆ, ಸಸಿ ಮರವಾಗಿ ತಾನೂ ಹೂ ಬಿಡುತ್ತದೆ. ಆದರೆ ಹೀಗೆ ಹುಟ್ಟಿದ ಮರಕ್ಕೆ ತಾಯಿಮರದ ಪರಿಮಳವೇ ಬಂದೀತೆಂಬ ಭರವಸೆಯಿಲ್ಲ. ಅಘನಾಶಿನಿ, ಬೇಡ್ತಿ, ಶರಾವತಿಯ ದಂಡೆಗಳಲ್ಲಿ ಗೊರಟಿನಿಂದಲೇ ಎದ್ದ ಮರಗಳು ಒಂದರಂತೆ ಇನ್ನೊಂದಿಲ್ಲದಿರುವುದಕ್ಕೂ, ಒಳ್ಳೆಯ ಮಿಡಿ ಬೇಕೆಂದವರು ಕಸಿ ಕಟ್ಟುವುದಕ್ಕೂ ಇದೇ ಕಾರಣ. ಆ ಹೆಸರುಗಳನ್ನು ಕೊಟ್ಟವರು ನೋಡಿದ್ದು ಪ್ರಭೇದದ ಒಳಗಿನ ವೈವಿಧ್ಯವನ್ನು, ಮತ್ತು ಬಹಳ ಸೂಕ್ಷ್ಮವಾಗಿ ನೋಡಿದ್ದಾರೆ. ಹೊಳೆದಂಡೆಯ ಹಳೆಯ ಮರವೊಂದು ಉರುಳಿದರೆ ಪ್ರಭೇದ ಅಳಿಯುವುದಿಲ್ಲ, ನಿಜ; ಆದರೆ ಕಸಿ ಕಟ್ಟದೇ ಉಳಿದಿದ್ದರೆ ಆ ಪರಿಮಳ ಮತ್ತೆಲ್ಲಿಯೂ ಸಿಗದಂತೆ ಹೋಗುತ್ತದೆ. ನನಗೆ ಇದು ಸಣ್ಣ ನಷ್ಟವೆಂದು ಎಂದೂ ಅನ್ನಿಸಿಲ್ಲ.

ನಿಮ್ಮ ಪ್ರಶ್ನೆಯ ಜೊತೆಗೇ ಇನ್ನೊಂದು ಸಂಗತಿಯನ್ನು ಹೇಳಬೇಕು. ನಮ್ಮ ಮನೆಯಲ್ಲಿ ಮಿಡಿ ಬಂದೊಡನೆ ಒಂದರ ತೊಟ್ಟು ಮುರಿದು ಮೂಗಿಗೆ ಹಿಡಿಯುವುದು ಪದ್ಧತಿ. ಮುರಿದ ಜಾಗದಲ್ಲಿ ಚಿಮ್ಮುವ ಸೊನೆಯಲ್ಲೇ ಆ ಪರಿಮಳವಿರುತ್ತದೆ, ಅದೇ ಸೊನೆ ತುಟಿಗೆ ತಾಗಿದರೆ ಮರುದಿನ ಹುಣ್ಣು. ಸುಡುವ ಈ ಗುಣ ಮಾವಿಗೊಂದಕ್ಕೇ ಸೇರಿದ್ದಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ಕೈಯನ್ನು ಸುಡುತ್ತದೆ. ಕಾನಿನ ಹೊಳಗೇರಿನ ಸೊನೆಯಂತೂ ಮೈಯೆಲ್ಲ ಬಾಯುವಂತೆ ಮಾಡುತ್ತದೆ. ಮಾವು, ಪೋರ್ಚುಗೀಸರು ಬ್ರೆಜಿಲ್ ಕಡೆಯಿಂದ ತಂದ ಗೇರು, ನಮ್ಮ ಘಟ್ಟದ ಹೊಳಗೇರು ಮೂರೂ ಅನಕಾರ್ಡಿಯೇಸಿ ಎಂಬ ಒಂದೇ ಕುಟುಂಬದವು. ಸಾಗರದ ಆಚೆ ಬೆಳೆದ ಗೇರು ಮತ್ತು ಈಚೆಯ ಮಾವು ತಮ್ಮ ಸಮಾನ ಪೂರ್ವಜರ ಗುರುತನ್ನು ಇಂದಿಗೂ ಸೊನೆಯಲ್ಲಿ ಹೊತ್ತಿವೆ. ಹೊಳಗೇರಿನ ಕುಲಕ್ಕೆ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿಗೆ, ಹೋಲಿಗಾರ್ನಾ ಎಂಬ ಶಾಸ್ತ್ರೀಯ ಹೆಸರು ಬಂದದ್ದು ನಮ್ಮ ಕನ್ನಡ ಹೆಸರಿನಿಂದ. ಇದೇ ಕುಟುಂಬದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು 2000ದಲ್ಲಿ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಿಂದ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡಿನಿಂದ, ಶಾಸ್ತ್ರಲೋಕಕ್ಕೆ ಪರಿಚಯಿಸಲಾಯಿತು. ಮಿಡಿಯ ಹತ್ತಾರು ಹೆಸರುಗಳ ಹಿಂದೆ ಪ್ರಭೇದ ಒಂದೇ ಇದ್ದರೆ, ಇಲ್ಲಿ ಹೆಸರೇ ಇಲ್ಲದೆ ಪ್ರಭೇದವೊಂದು ಅಷ್ಟು ಕಾಲ ನಿಂತಿತ್ತು.

ಪ್ರಶ್ನೆ: ಕತ್ತಲೆಕಾನಿನಲ್ಲಿ ಹೊಸ ಕಪ್ಪೆ ಸಿಕ್ಕಿದೆ ಎಂದು ಓದಿದ್ದೆ. ಅಜ್ಜನ ಕಾಲದಿಂದ ಇರುವ ಹಳ್ಳದಲ್ಲಿ ಕಪ್ಪೆ ಹೊಸದಾಗಿ ಹೇಗೆ ಹುಟ್ಟೀತು? (ಸಿದ್ದಾಪುರದ ಓದುಗರು)

ಉತ್ತರ: ಹುಟ್ಟಿದ್ದು ಹೊಸದಾಗಿ ಅಲ್ಲ, ನಾವು ಅದನ್ನು ಬೇರೆ ಎಂದು ಗುರುತಿಸಿದ್ದು ಹೊಸದು. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ನಿಕ್ಟಿಬ್ಯಾಟ್ರಾಕಸ್ ಕುಲದ ಇರುಳುಗಪ್ಪೆಗಳು ನೋಡಲು ಒಂದನ್ನೊಂದು ಬಹಳ ಹೋಲುತ್ತವೆ. 2011ರ ಒಂದೇ ಅಧ್ಯಯನದಲ್ಲಿ ಈ ಕುಲದ 12 ಹೊಸ ಪ್ರಭೇದಗಳನ್ನು ವಿವರಿಸಲಾಯಿತು, ಜೋಗದ ಹೆಸರು ಹೊತ್ತ ಕಪ್ಪೆಯೂ ಅವುಗಳಲ್ಲೊಂದು. ನೀವು ಓದಿದ್ದು 2014ರಲ್ಲಿ ವಿವರಿಸಲಾದ ನಿಕ್ಟಿಬ್ಯಾಟ್ರಾಕಸ್ ಕುಂಬಾರದ ಬಗ್ಗೆ ಇರಬೇಕು. ಮಳೆಗಾಲದ ರಾತ್ರಿ ಹಳ್ಳದ ಮೇಲಿನ ಕಡ್ಡಿಗೆ ಅಂಟಿಸಿದ ಮೊಟ್ಟೆಗಳಿಗೆ ಗಂಡು ಕಪ್ಪೆ ಹಿಂಗಾಲಿನ ಮೇಲೆ ನಿಂತು, ಮುಂಗೈಯಲ್ಲಿ ಹಳ್ಳದ ಕೆಸರು ಬಾಚಿ ತಂದು ಮೆತ್ತುತ್ತದೆ. ಹೆಸರು ಬಂದದ್ದು ಆ ಕೆಲಸದಿಂದ. ಇಂಥಲ್ಲಿ ಚರ್ಮದ ಬಣ್ಣವೊಂದನ್ನೇ ನೆಚ್ಚಿದರೆ ಸಾಲದು. ಕೂಗು, ಮೊಟ್ಟೆಯಿಡುವ ರೀತಿ, ಡಿಎನ್‌ಎ ಎಲ್ಲವನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ.

ಪ್ರಶ್ನೆ: ಸಿಂಗಳೀಕನಿಗೆ ಕಪ್ಪು ಮೈ, ಮುಸಿಯನಿಗೆ ಕಪ್ಪು ಮುಖ. ತೋಟಕ್ಕೆ ಬರುವ ಕೆಂಪು ಮಂಗ ಇವೆರಡಕ್ಕಿಂತ ಬೇರೆಯಾಗಿ ಕಾಣುತ್ತದೆ. ಸಿಂಗಳೀಕ ಯಾರ ನೆಂಟ? (ಹೊನ್ನಾವರದ ಓದುಗರು)

ಉತ್ತರ: ಬಣ್ಣವನ್ನು ಬಿಟ್ಟು ಕೆನ್ನೆಯನ್ನು ನೋಡಿ. ತೋಟದ ಮಂಗ ಬಾಳೆಹಣ್ಣನ್ನು ಅವಸರದಲ್ಲಿ ಬಾಯಿಗೆ ತುರುಕಿಕೊಂಡು, ಕೆನ್ನೆ ಉಬ್ಬಿಸಿಕೊಂಡು ಓಡಿ, ಆಮೇಲೆ ನಿಧಾನವಾಗಿ ಜಗಿಯುತ್ತದೆ. ಸಿಂಗಳೀಕನಿಗೂ ಅಂಥದೇ ಕೆನ್ನೆಚೀಲವಿದೆ. ಎಲೆ ತಿನ್ನುವ ಮುಸಿಯನಿಗೆ ಅದಿಲ್ಲ, ಅದರ ಬದಲು ಎಲೆಯನ್ನು ಕೊಳೆಯಿಸಿ ಅರಗಿಸಿಕೊಳ್ಳುವ ಹಲವು ಕೋಣೆಗಳ ಹೊಟ್ಟೆಯಿದೆ. ಹೀಗಾಗಿ ಸಿಂಗಳೀಕ ಮತ್ತು ಮಂಗ ಎರಡೂ ಮಕಾಕಾ ಎಂಬ ಒಂದೇ ಕುಲದವು, ಮುಸಿಯ ಬೇರೆ ಕವಲಿನದು.

ಆದರೆ ಅಚ್ಚರಿ ಇರುವುದು ಮುಂದಿನ ಮಾತಿನಲ್ಲಿ. ಮಕಾಕಾ ಕುಲದೊಳಗೆ ಸಿಂಗಳೀಕನಿಗೆ ಅತಿ ಹತ್ತಿರದ ಬಂಧು, ಒಂದೇ ಕಾಡಿನ ಅಂಚು ಹಂಚಿಕೊಂಡಿರುವ ನಮ್ಮ ಮಂಗವಲ್ಲ. ಜನನಾಂಗದ ರಚನೆಯಿಂದಲೂ ಡಿಎನ್‌ಎಯಿಂದಲೂ ತಿಳಿದುಬಂದಿರುವಂತೆ, ಸಿಂಗಳೀಕ ಸೇರುವುದು ಆಗ್ನೇಯ ಏಷ್ಯಾದ ಹಂದಿಬಾಲದ ಮಂಗಗಳು ಮತ್ತು ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಮಂಗಗಳಿರುವ ಗುಂಪಿಗೆ. ನಮ್ಮ ತೋಟದ ಮಂಗನ ಗುಂಪಿನಲ್ಲಿರುವುದು ಶ್ರೀಲಂಕಾದ ಮಂಗ ಮತ್ತು ಅಸ್ಸಾಂ, ಟಿಬೆಟ್ ಕಡೆಯ ಮಂಗಗಳು. ಹಿಂದೆ ತೇವದ ಕಾಡುಗಳು ಹೆಚ್ಚು ಹರಡಿಕೊಂಡಿದ್ದ ಕಾಲದಲ್ಲಿ ಸಿಂಗಳೀಕನ ಪೂರ್ವಜರು ವಿಶಾಲ ಪ್ರದೇಶದಲ್ಲಿದ್ದು, ಹವೆ ಒಣಗಿ ಕಾಡು ತುಂಡಾದಾಗ ಒಂದು ಗುಂಪು ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಪ್ರತ್ಯೇಕವಾಗಿ ಉಳಿದಿರಬೇಕು ಎಂಬುದು ಇದಕ್ಕೆ ಒಪ್ಪುವಂಥ ವಿವರಣೆ. ಮಂಗ ಊರು, ದೇವಸ್ಥಾನ, ರಸ್ತೆಬದಿ ಎಲ್ಲಿಯೂ ಬದುಕಿಕೊಳ್ಳುತ್ತದೆ. ಸಿಂಗಳೀಕನಿಗೆ ಒಂದು ಮರದ ಕೊಂಬೆ ಇನ್ನೊಂದಕ್ಕೆ ತಾಗುವಂಥ ಕಾಡೇ ಬೇಕು. ಅದರ ವಾಸದ ಉತ್ತರದ ತುದಿ ನಿಮ್ಮ ಹೊನ್ನಾವರ, ಸಿದ್ದಾಪುರ, ಶಿರಸಿಯ ನಡುವಿನ ಅಘನಾಶಿನಿ ಕೊಳ್ಳ. ಅಲ್ಲಿ ಅದು ತಿನ್ನುವ ಹಣ್ಣುಗಳಲ್ಲಿ ಉಪ್ಪಾಗೆಯೂ ಒಂದು. ಮುಂಗಾರಿನಲ್ಲಿ ನೀವು ಸಿಪ್ಪೆಗಾಗಿ ಉಪ್ಪಾಗೆ ಕೊಯ್ಯಲು ಹೋದಾಗ ಮರದ ಬುಡದಲ್ಲಿ ಅರೆ ತಿಂದು ಬಿಸುಟ ಹಣ್ಣು ಕಂಡರೆ, ಒಮ್ಮೆ ತಲೆ ಎತ್ತಿ ಮೇಲಿನ ಕೊಂಬೆಗಳನ್ನು ನೋಡಿ.