ಅದೇ ಬೆಂಚು, ಒಂದು ಮೊಳ ದೂರ

ಪ್ರಶ್ನೆ: ಜೈಲಿನಿಂದ ಬಿಡುಗಡೆಯಾದ ಒಬ್ಬರು ನಮ್ಮ ಚರ್ಚ್‌ಗೆ ಬರುತ್ತಿದ್ದಾರೆ. ಅವರು ಪಕ್ಕಕ್ಕೆ ಬಂದರೆ ನಾನು ಸ್ವಲ್ಪ ಸರಿದು ಕೂರುತ್ತೇನೆ. ನನ್ನನ್ನೂ ಅವರನ್ನೂ ದೇವರು ಒಂದೇ ಥರ ಪ್ರೀತಿಸುತ್ತಾನಾ?

ಉತ್ತರ: ಹೌದು. ನಿಮ್ಮ ಪತ್ರ ಓದಿ ನಗು ಬಂತು. ನಿಮ್ಮ ಮೇಲಲ್ಲ, ನನ್ನ ಮೇಲೇ. ಪ್ರಾರ್ಥನೆಗೆ ಕುಡಿದು ಬಂದವನೊಬ್ಬನನ್ನು ನೋಡಿ, ನಾನೂ ಹೀಗೇ ನನ್ನ ಬ್ಯಾಗನ್ನು ಮಧ್ಯೆ ಇಟ್ಟು ಕೂತಿದ್ದೆ. ಬ್ಯಾಗಿನಲ್ಲಿ ಇದ್ದದ್ದು ಬೈಬಲ್!

ಬೈಬಲಿನ ಲೂಕ 18ರಲ್ಲಿ ಯೇಸು, ದೇವಾಲಯಕ್ಕೆ ಪ್ರಾರ್ಥನೆಗೆ ಹೋದ ಇಬ್ಬರ ಕಥೆ ಹೇಳುತ್ತಾನೆ: ಒಬ್ಬ ಫರಿಸಾಯ, ಅಂದರೆ ಧರ್ಮದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವವನು; ಇನ್ನೊಬ್ಬ ಸುಂಕದವನು, ಅಂದರೆ ಜನ ಪಾಪಿ ಅಂತ ದೂರ ಇಡುತ್ತಿದ್ದ ತೆರಿಗೆ ವಸೂಲಿಗಾರ. ಫರಿಸಾಯ ವಾರಕ್ಕೆ 2 ಸಲ ಉಪವಾಸ ಮಾಡುವವನು, ಸಂಪಾದನೆಯಲ್ಲಿ ಹತ್ತನೇ ಒಂದು ಪಾಲು ಕೊಡುವವನು. ಅವನು ಸುಳ್ಳು ಹೇಳಲಿಲ್ಲ, ಅದು ಗಮನಿಸಬೇಕಾದ ಮಾತು. ಅವನು ಎಡವಿದ್ದು ‘ಈ ಸುಂಕದವನ ಹಾಗೆ ನಾನಲ್ಲ’ ಅಂದಾಗ. ಪ್ರಾರ್ಥನೆ ಮಾಡುತ್ತಲೇ ಪಕ್ಕದವನನ್ನು ಅಳೆಯುತ್ತಿದ್ದ, ಅಲ್ವಾ? ಸುಂಕದವನೋ ದೂರ ನಿಂತು, ತಲೆ ಎತ್ತದೆ ಎದೆ ಬಡಿದುಕೊಂಡ. ದೇವರಿಗೆ ಮೆಚ್ಚುಗೆಯಾಗಿ ಮನೆಗೆ ಹೋದವನು ಅವನೇ.

ಹಾಗಂತ ನಿಮ್ಮ ಪಕ್ಕ ಬಂದು ಕೂರುವ ಅವರು ಮಾಡಿದ್ದೆಲ್ಲ ಸರಿ ಅನ್ನಬೇಕಿಲ್ಲ. ಶಿಕ್ಷೆ ಕೊಡೋದು ಕೋರ್ಟಿನ ಕೆಲಸ, ಅದು ಮುಗಿದಿದೆ. ನೀವು ಸುಮ್ನೆ ಇನ್ನೊಂದು ಕೋರ್ಟು ನಡೆಸಬೇಡಿ.

ಯೋಹಾನ 13 ಓದಿ. ಯೇಸು ಬೋಗುಣಿಗೆ ನೀರು ಹಾಕಿಕೊಂಡು ಶಿಷ್ಯರ ಕಾಲು ತೊಳೆದಾಗ, ಆ ಶಿಷ್ಯರಲ್ಲೊಬ್ಬನಾದ ಯೂದನೂ ಅಲ್ಲೇ ಇದ್ದ. ಅವನು ತನ್ನನ್ನು ಶತ್ರುಗಳಿಗೆ ಹಿಡಿದುಕೊಡುತ್ತಾನೆ ಅಂತ ಗೊತ್ತಿದ್ದೂ ಯೇಸು ಅವನ ಕಾಲನ್ನೂ ತೊಳೆದು ಒರೆಸಿದ.

ಮುಂದಿನ ಭಾನುವಾರ ಸರಿಯದೆ ಕೂತು ನೋಡಿ. ಹಾಡಿನ ಪುಸ್ತಕದಲ್ಲಿ ಅವರಿಗೆ ಪುಟ ಸಿಗದಿದ್ದರೆ ತೋರಿಸಿ.