ತಗಡಿನ ಶೆಡ್‌ನಲ್ಲಿ 60 ಕ್ವೇಲ್ (ಗೌಜಲಕ್ಕಿ) ಇವೆ, ಬಿಸಿಲಿಗೆ ಮೊಟ್ಟೆ ಅರ್ಧಕ್ಕೆ ಇಳಿದಿದೆ. ಯಾವ ಔಷಧ ಕೊಡಲಿ?

ರಾಯಚೂರು, ತಗಡಿನ ಶೆಡ್, 60 ಹೆಣ್ಣು ಕ್ವೇಲ್. ಮಾರ್ಚ್‌ವರೆಗೆ ದಿನಕ್ಕೆ 50 ಮೊಟ್ಟೆ ಬರುತ್ತಿತ್ತು, ಈಗ 25. ಅದರಲ್ಲೂ ನಾಲ್ಕೈದು ತೊಗಲು ಮೊಟ್ಟೆ, ಅಂದರೆ ಗಟ್ಟಿ ಚಿಪ್ಪಿಲ್ಲದವು. ಹೋದ ವಾರ ಮೂರು ಹಕ್ಕಿ ಸತ್ತಿವೆ. ನೀವು ಬರೆದದ್ದು ಇಷ್ಟು. ನಾನು ಸಿರುಗುಪ್ಪ ಕಡೆಯವನು. ನಮ್ಮದೂ ಅದೇ ಬಿಸಿಲು, ಹಾಗಾಗಿ ನನ್ನ ಅನುಭವ ನಿಮಗೆ ಹೊಂದಬಹುದು.

ಔಷಧ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ನಾಳೆ ಬೆಳಗಿನ ಜಾವ 5 ಗಂಟೆಗೆ ಶೆಡ್‌ಗೆ ಹೋಗಿ ಸುಮ್ನೆ ನಿಂತು ನೋಡಿ. ಹಕ್ಕಿಗಳು ಬಾಯಿ ಮುಚ್ಚಿಕೊಂಡು ಆರಾಮಾಗಿ ಓಡಾಡುತ್ತಿದ್ದರೆ ಇದು ಬಿಸಿಲಿನ ಕಾಟ. ಆ ತಂಪಲ್ಲೂ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಗೊರಗೊರ ಸದ್ದು ಬರುತ್ತಿದ್ದರೆ, ಹಸಿರು ಭೇದಿ ಇದ್ದರೆ, ಕತ್ತು ತಿರುಚಿಕೊಂಡಿದ್ದರೆ ಅದು ರೋಗ. ಆಗ ಸತ್ತ ಹಕ್ಕಿಯನ್ನೂ ಚೀಲದಲ್ಲಿ ಕಟ್ಟಿಕೊಂಡು ಪಶು ಆಸ್ಪತ್ರೆಗೆ ಹೋಗಿ. ನಾನು ಮೊದಲ ವರ್ಷ ಇದನ್ನು ನೋಡದೇ ಅಂಗಡಿಯವರು ಕೊಟ್ಟ ಆಂಟಿಬಯೋಟಿಕ್ ಐದು ದಿನ ಹಾಕಿದೆ. ದುಡ್ಡು ಹೋಯಿತು, ಮೊಟ್ಟೆ ಬರಲಿಲ್ಲ.

ನೀವು ಹೇಳಿದ್ದನ್ನು ನೋಡಿದರೆ ಬಿಸಿಲೇ ಅನ್ನಿಸುತ್ತದೆ. ಹಕ್ಕಿಗೆ ಬೆವರು ಬರುವುದಿಲ್ಲ. ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಹಾಗೆ ಏದುಸಿರು ಬಿಡುವಾಗ ರಕ್ತದಲ್ಲಿನ ಕಾರ್ಬನ್ ಡೈ ಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆ ಕಾರ್ಬೊನೇಟ್ ಆಗುವುದು ಇದೇ ಕಾರ್ಬನ್ ಡೈ ಆಕ್ಸೈಡ್‌ನಿಂದ, ಅದು ಕಡಿಮೆಯಾದರೆ ಚಿಪ್ಪು ತೆಳ್ಳಗಾಗುತ್ತದೆ. ಮೇಲಿಂದ ಸೆಕೆಗೆ ಹಕ್ಕಿ ಫೀಡನ್ನೂ ಸರಿಯಾಗಿ ಮುಟ್ಟುವುದಿಲ್ಲ, ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಅದಕ್ಕೇ ಬರೀ ಕ್ಯಾಲ್ಸಿಯಂ ಟಾನಿಕ್ ಹಾಕಿದರೆ ಪೂರ್ತಿ ಸರಿಹೋಗುವುದಿಲ್ಲ. ಏದುಸಿರು ನಿಲ್ಲಬೇಕು.

ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಹಕ್ಕಿಗಳ ದಿನಚರಿಯನ್ನೇ ಬೆಳಗಿನ ಜಾವಕ್ಕೆ ತಂದದ್ದು. ಮೇವು ಜೀರ್ಣವಾಗುವಾಗ ಮೈಯೊಳಗೆ ಬಿಸಿ ಹುಟ್ಟುತ್ತದೆ. 10 ಗಂಟೆಗೆ ಹೊಟ್ಟೆ ತುಂಬ ತಿಂದ ಹಕ್ಕಿಗೆ ಮಧ್ಯಾಹ್ನ ಒಳಗೂ ಬಿಸಿ, ಹೊರಗೂ ಬಿಸಿ. ಮೊಟ್ಟೆ ಇಡುವ ಕ್ವೇಲ್‌ಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು, ನೀವೂ ಸಂಜೆ ಬಲ್ಬ್ ಹಾಕುತ್ತಿರಬಹುದು. ಅದನ್ನು ಬೆಳಗಿನ ಜಾವಕ್ಕೆ ಬದಲಿಸಿ. 4 ಗಂಟೆಗೆ ಬಲ್ಬ್ ಹಾಕಿ, ಆಗಲೇ ಫೀಡ್ ಸುರಿಯಿರಿ. ಕತ್ತಲಾಗುವ ಹೊತ್ತಿಗೆ 15 ಗಂಟೆ ತಾನಾಗಿಯೇ ಆಗುತ್ತದೆ. ಒಂದು ಹಕ್ಕಿಗೆ ದಿನಕ್ಕೆ 25ರಿಂದ 30 ಗ್ರಾಂ ಅಂದರೆ ನಿಮಗೆ ಒಂದೂವರೆ ಕೆಜಿ ಮೇಲೆ ಬೇಕು. ಬೆಳಗಿನ ತಂಪಲ್ಲಿ ಚೆನ್ನಾಗಿ ತಿನ್ನುತ್ತವೆ. 10ಕ್ಕೆ ತಟ್ಟೆ ತೆಗೆದಿಡಿ, ಬಿಸಿಲು ಇಳಿದ ಮೇಲೆ ಉಳಿದದ್ದು ಕೊಡಿ. ನಡುವೆ ಶೆಡ್‌ಗೆ ಹೋಗಿ ಗದ್ದಲ ಮಾಡಬೇಡಿ. ಕ್ವೇಲ್ ಮೊಟ್ಟೆ ಇಡುವುದು ಕೋಳಿಯ ಹಾಗೆ ಬೆಳಿಗ್ಗೆ ಅಲ್ಲ, ಹೆಚ್ಚಾಗಿ ಮಧ್ಯಾಹ್ನ ಕಳೆದು ಸಂಜೆಯ ಹೊತ್ತಿಗೆ. ಕೆಟ್ಟ ಸೆಕೆಯಲ್ಲೇ ಅವುಕ್ಕೆ ಹೆರಿಗೆ!

ಆಮೇಲೆ ನೀರು. ಒಂದು ಸಲ 2 ಗಂಟೆಗೆ ಹಕ್ಕಿ ನೀರು ಕುಡಿಯುವ ನಿಪ್ಪಲ್ ಒತ್ತಿ ಬೆರಳಿಗೆ ನೀರು ಹಿಡಿದು ನೋಡಿ. ಚಾವಣಿ ಮೇಲಿನ ಕಪ್ಪು ಟ್ಯಾಂಕ್‌ನಿಂದ ಬರುವ ನೀರು ಸ್ನಾನಕ್ಕೆ ಕಾಯಿಸಿದ ಹಾಗಿರುತ್ತದೆ. ಹಕ್ಕಿ ಅದನ್ನು ಕುಡಿಯುವುದಿಲ್ಲ. ನಾನು ಟ್ಯಾಂಕನ್ನು ಬೇವಿನ ಮರದ ನೆರಳಿಗೆ ಇಳಿಸಿ, ಗೋಣಿತಾಟು ಸುತ್ತಿ ಅದನ್ನು ಒದ್ದೆ ಇಡುತ್ತೇನೆ, ಪೈಪನ್ನು ಮಣ್ಣಲ್ಲಿ ಹೂತಿದ್ದೇನೆ. ನಿಮ್ಮ 60 ಹಕ್ಕಿಗೆ ಇಷ್ಟೆಲ್ಲ ಬೇಡ. ಅಗಲ ಬಾಯಿಯ ಆಳವಿಲ್ಲದ ಮಣ್ಣಿನ ತಟ್ಟೆ ಇಟ್ಟು ಮಡಿಕೆಯ ನೀರು ಹಾಕಿ, ಮಧ್ಯಾಹ್ನ ಎರಡು ಸಲ ಬದಲಿಸಿ. ಎಲೆಕ್ಟ್ರೋಲೈಟ್ (ಲವಣಗಳ) ಪುಡಿಯನ್ನು ಪೊಟ್ಟಣದಲ್ಲಿ ಬರೆದ ಅಳತೆಯಲ್ಲಿ ಹಗಲು ಮಾತ್ರ ಕೊಡಿ, ರಾತ್ರಿ ಬರೀ ನೀರು. ವಿಟಮಿನ್ ಸಿ ಬೇಕಿದ್ದರೆ ಒಂದು ಕೆಜಿ ಫೀಡ್‌ಗೆ 200 ಮಿಲಿಗ್ರಾಂ ಸಾಕು. ಕಪ್ಪೆಚಿಪ್ಪಿನ ಚೂರು (ಗ್ರಿಟ್) ಬೇರೆ ಬಟ್ಟಲಲ್ಲಿ ಇಡಿ, ಬೇಕಾದಷ್ಟು ತಿನ್ನಲಿ.

ಶೆಡ್ ಬಗ್ಗೆ ನನ್ನ ತಪ್ಪು ಹೇಳುತ್ತೇನೆ. ತಂಪಾಗಲಿ ಅಂತ ನಾಲ್ಕೂ ಕಡೆ ಒದ್ದೆ ಗೋಣಿತಾಟು ಕಟ್ಟಿ ಊಟಕ್ಕೆ ಹೋದೆ. ಬಂದು ನೋಡಿದರೆ 11 ಹಕ್ಕಿ ಸತ್ತಿದ್ದವು. ಒಳಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ! ಗಾಳಿ ಓಡದೆ ತೇವ ನಿಂತರೆ ಏದುಸಿರಿಗೆ ಬೆಲೆಯೇ ಇಲ್ಲ. ಈಗ ಗಾಳಿ ಬರುವ ಒಂದೇ ಕಡೆ ಒದ್ದೆ ತಾಟು ಕಟ್ಟುತ್ತೇನೆ. ಎದುರು ಕಡೆ ಪೂರ್ತಿ ತೆರೆದಿರುತ್ತದೆ, ಅಲ್ಲಿ ಫ್ಯಾನು ಗಾಳಿಯನ್ನು ಹೊರಕ್ಕೆ ತಳ್ಳುತ್ತದೆ. ನಮ್ಮ ಒಣ ಹವೆಗೆ ಇದು ಚೆನ್ನಾಗಿ ಹೊಂದುತ್ತದೆ. ತೇವದ ಹವೆಯ ಮಂಗಳೂರು ಕಡೆಯವರು ಇದನ್ನು ಓದುತ್ತಿದ್ದರೆ ಒದ್ದೆ ತಾಟು ಕಟ್ಟಬೇಡಿ, ಫ್ಯಾನ್ ಜಾಸ್ತಿ ಹಾಕಿ. ತಗಡಿನ ಮೇಲೆ ಸುಣ್ಣ ಬಳಿದು ಅರ್ಧ ಅಡಿ ಭತ್ತದ ಹುಲ್ಲು ಹರವಿ, ಮೇಲೆ ಹಳೇ ಬಲೆ ಕಟ್ಟಿ. ಕರೆಂಟ್ ವೈರು ಹುಲ್ಲಿಗೆ ತಾಕದಂತೆ ನೋಡಿಕೊಳ್ಳಿ. ಒಂದು ಪಂಜರದಲ್ಲಿ 20 ಹಕ್ಕಿ ಇದ್ದರೆ ಬೇಸಿಗೆ ಮುಗಿಯುವವರೆಗೆ 14ಕ್ಕೆ ಇಳಿಸಿ. ಕೆಳಗಿನ ಹಿಕ್ಕೆಯನ್ನು ದಿನಾ ತೆಗೆಯಿರಿ, ಅಮೋನಿಯಾ ಘಾಟು ಏರಿದರೆ ಉಸಿರಿಗೆ ಇನ್ನೂ ಕಷ್ಟ.

ಯಾವುದಾದರೂ ಹಕ್ಕಿ ರೆಕ್ಕೆ ಇಳಿಬಿಟ್ಟು ಬಿದ್ದುಕೊಂಡರೆ ಐಸ್ ನೀರಲ್ಲಿ ಮುಳುಗಿಸಬೇಡಿ. ನೆರಳಿಗೆ ತಂದು ಕಾಲು, ಎದೆಯಡಿ ಮಾಮೂಲಿ ನೀರಲ್ಲಿ ಒದ್ದೆ ಮಾಡಿ, ಗಾಳಿಗೆ ಹಿಡಿಯಿರಿ. ಕೊಕ್ಕಿನ ತುದಿಯನ್ನಷ್ಟೇ ನೀರಿಗೆ ತಾಗಿಸಿ, ಬಾಯಿಗೆ ಸುರಿಯಬೇಡಿ.

ಇಷ್ಟು ಮಾಡಿದರೂ ಮೇ ತಿಂಗಳಲ್ಲಿ 50 ಮೊಟ್ಟೆ ನಿರೀಕ್ಷಿಸಬೇಡಿ. 35–40 ಬಂದರೆ ಖುಷಿಪಡಿ. ಆದರೆ ಮೊಟ್ಟೆ ಇಡುತ್ತಿಲ್ಲ ಅಂತ ಈಗಲೇ ಮಾಂಸಕ್ಕೆ ಮಾರಬೇಡಿ. ನಾನು ಹಾಗೇ ಬೇಜಾರಾಗಿ 40 ಹಕ್ಕಿಯನ್ನು ಪಕ್ಕದ ಹೊಲದವರಿಗೆ ಕೊಟ್ಟೆ. ಅವರು ಕೊಯ್ಯಲಿಲ್ಲ. ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ಅದೇ ಹಕ್ಕಿಗಳ ಮೊಟ್ಟೆಯನ್ನು ನನಗೇ ಡಜನ್ ಲೆಕ್ಕದಲ್ಲಿ ಮಾರಿದರು.