ಆ ಕಪ್ಪು ಕನ್ನಡಕ ಏರ್ ಇಂಡಿಯಾದ್ದಲ್ಲ

ಏರ್ ಇಂಡಿಯಾದ ಎ350 ವಿಮಾನದ ಮೂತಿಗೆ ಕಪ್ಪು ಕನ್ನಡಕ ಹಾಕಿದ ಹಾಗಿದೆಯಲ್ಲ, ಅದು ಹೊಸ ಬಣ್ಣದ ಭಾಗವಾ, ಹಳೇ ಝರೋಕಾ (ಅರಮನೆ ಶೈಲಿಯ ಕಮಾನು) ಕಿಟಕಿ ಎಲ್ಲಿ ಹೋಯ್ತು ಅಂತ ಕೇಳಿದ್ದೀರಿ.

ಕನ್ನಡಕ ವಿಮಾನ ತಯಾರಿಸೋ ಏರ್‌ಬಸ್‌ನವರದ್ದು. ಬೇರೆ ವಿಮಾನಯಾನ ಕಂಪನಿಗಳ ಎ350ಗೂ ಕಾಕ್‌ಪಿಟ್ ಗಾಜಿನ ಸುತ್ತ ಅದೇ ಕಪ್ಪು ಪಟ್ಟಿ ಇದೆ. ದೂರದಿಂದ ಎ350 ಗುರುತು ಹಿಡಿಯೋಕೆ ನಮಗೆ ಅದೇ ಸುಲಭದ ದಾರಿ.

ಝರೋಕಾ ಪೂರ್ತಿ ಹೋಗಿಲ್ಲ. ಮೊದಲು ಪ್ರತಿ ಕಿಟಕಿಗೂ ಕೆಂಪು ಕಮಾನು ಬರೆದಿದ್ದರು, ಅರಮನೆಯ ಕಿಟಕಿ ಸಾಲಿನ ಹಾಗೆ. 2023ರ ಆಗಸ್ಟ್‌ನಲ್ಲಿ ತೋರಿಸಿದ ಹೊಸ ವಿನ್ಯಾಸದಲ್ಲಿ ಆ ಕಮಾನಿನ ತುದಿಯಿಂದಲೇ 'ದಿ ವಿಸ್ಟಾ' ಅನ್ನೋ ಚಿನ್ನದ ಬಣ್ಣದ ಲೋಗೋ ಬಂತು. ಬಾಲಕ್ಕೆ ಕೆಂಪು, ಬದನೆಕಾಯಿ ಬಣ್ಣ, ಚಿನ್ನ. ಬಾಲ ಚೆನ್ನಾಗಿದೆ. ಆದರೆ ಕಿಟಕಿ ಸಾಲು ಬೋಳು ಬೋಳು ಅನ್ಸುತ್ತೆ, ನಾನಂತೂ ಹಳೇದರ ಕಡೆ!

ಇನ್ನೊಂದು ವಿಷಯ. ಕಾರ್ಖಾನೆ ಫೋಟೋಗಳಲ್ಲಿ ಮೈ ಇನ್ನೂ ಬರಿದಾಗಿದ್ದರೂ ಬಾಲಕ್ಕೆ ಮಾತ್ರ ಬಣ್ಣ ಬಂದಿರುತ್ತೆ. ಬಣ್ಣಕ್ಕೂ ತೂಕ ಇದೆ ಅಲ್ವಾ, ರಡ್ಡರ್‌ನ (ವಿಮಾನದ ಮೂತಿಯನ್ನ ಎಡಕ್ಕೆ ಬಲಕ್ಕೆ ತಿರುಗಿಸೋ ಬಾಲದ ಭಾಗ) ಸಮತೋಲನ ನೋಡೋವಾಗ ಅದೂ ಲೆಕ್ಕಕ್ಕೆ ಬರುತ್ತೆ, ಹಾಗಾಗಿ ಬಾಲಕ್ಕೆ ಮೊದಲೇ ಬಣ್ಣ ಹಚ್ಚುತ್ತಾರೆ. ಅದಕ್ಕೇ ಹೊಸ ಬಣ್ಣದ ಸುಳಿವು ಮೊದಲು ಸಿಗೋದು ಬಾಲದಲ್ಲೇ.

ಅಂದ ಹಾಗೆ, ಏರ್ ಇಂಡಿಯಾ ಎ350ಯ ಮೊದಲ ಪ್ರಯಾಣಿಕ ಹಾರಾಟ ನಮ್ಮ ಬೆಂಗಳೂರಿಂದಲೇ ಮುಂಬೈಗೆ, 2024ರ ಜನವರಿ 22ರಂದು.